ಜುಮ್ಮು

ಚರ್ಮ, ತುಟಿ, ನಾಲಗೆಗಳ ಮೇಲೆ ಸಣ್ಣಗೆ ಚುಚ್ಚಿದಂತೆ, ಒಳಗೊಳಗೇ ಅದುರಿದಂತೆ ಆಗುವ ಅನುಭವಕ್ಕೆ ಕನ್ನಡದಲ್ಲಿರುವ ಹೆಸರು. ‘ಜುಂ’ ಎಂಬ ಅನುಕರಣ ಶಬ್ದದಿಂದ ಬಂದದ್ದು. ಜುಮ್ಮೆನ್ನು, ಜುಮ್ಮೆನಿಸು ಇದರ ಕ್ರಿಯಾರೂಪಗಳು. ಕಿವಿಗೆ ಕೇಳಿಸದ್ದಕ್ಕೂ ಸದ್ದು ಕೊಡುವ ಗುಣ ಕನ್ನಡದ ಅನುಕರಣಾವ್ಯಯಗಳಿಗಿದೆ: ಹೊಳಪಿಗೆ ಥಳಥಳ, ಪರಿಮಳಕ್ಕೆ ಘಮಘಮ, ಸ್ಪರ್ಶಕ್ಕೆ ಜುಂ. ಹೆದರಿದಾಗ, ಚಳಿಗಾಳಿ ಬೀಸಿದಾಗ, ಒಳ್ಳೆಯ ಹಾಡು ಕೇಳಿದಾಗ ಮೈ ಜುಮ್ಮೆನ್ನುತ್ತದೆ.

‘ಜೋಮು’ ಇದರ ನೆರೆಯ ಮಾತು. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತವರ ಕಾಲು ಜೋಮು ಹಿಡಿಯುತ್ತದೆ. ಒತ್ತಡ ಬಿದ್ದ ನರಕ್ಕೆ ರಕ್ತಸಂಚಾರ ಕುಂದಿ ಕಾಲು ಮರಗಟ್ಟುತ್ತದೆ. ಕಾಲು ಚಾಚಿದ ಮೇಲೆ ಚೇತರಿಸಿಕೊಳ್ಳುವ ನರ ತನ್ನಷ್ಟಕ್ಕೇ ಸಂಕೇತ ಕಳಿಸತೊಡಗಿ ಜುಮುಜುಮು ಶುರುವಾಗುತ್ತದೆ. ಜುಮ್ಮು, ಜೋಮು ಎರಡನ್ನೂ ಒಂದೇ ಎಂಬಂತೆ ಬಳಸುವುದುಂಟು. ಆದರೆ ಜೋಮಿನಲ್ಲಿ ಅರಿವು ಮಂಕಾಗುತ್ತದೆ, ಜುಮ್ಮಿನಲ್ಲಿ ಚುರುಕಾಗುತ್ತದೆ. ಈ ಭೇದ ಉಳಿಸಿಕೊಳ್ಳುವಂಥದ್ದು. ತೂಕಡಿಕೆಯ ‘ಜೊಂಪು’ ರೂಪದಲ್ಲೂ ಅರ್ಥದಲ್ಲೂ ಜೋಮಿಗೇ ಹತ್ತಿರ.

ಮಲೆನಾಡಿನಲ್ಲಿ ಈ ಮಾತು ಒಂದು ಮರದ ಹೆಸರಾಗಿಯೂ ನಿಂತಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯೂ ಸೇರಿದಂತೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಜುಮ್ಮನಮರ (ಜಾಂಥೋಕ್ಸೈಲಮ್ ರೆಟ್ಸಾ) ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಕಾಂಡದ ತುಂಬ ಬುಡ ದಪ್ಪಗಿರುವ ಮೊನಚು ಮುಳ್ಳು. ಮೆಣಸಿನ ಕಾಳಿಗಿಂತ ತುಸು ದೊಡ್ಡ ಹಸಿರು ಕಾಯಿ ಗೊಂಚಲಾಗಿ ಬಿಟ್ಟು, ಒಣಗಿದಾಗ ಕಂದುಬಣ್ಣಕ್ಕೆ ತಿರುಗಿ ಬಾಯಿ ಬಿಡುತ್ತದೆ. ಒಳಗಿನ ಹೊಳೆಯುವ ಕರಿಬೀಜ ಅಡುಗೆಗೆ ಬಾರದು, ಅದನ್ನು ತೆಗೆದು ಸಿಪ್ಪೆಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಮೀನು, ಏಡಿಯ ಸಾರಿಗೆ ಇದು ಸೇರಿದರೆ ಹಸಿವಾಸನೆ ಅಡಗುತ್ತದೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಇದೇ ತಿರ್ಫಳ, ತೆಪ್ಪಳ್. ಬಂಗುಡೆಗೆ ಬಿಡದ ಜೊತೆ.

ಒಂದು ಸಿಪ್ಪೆ ಹಲ್ಲಿನಡಿ ಇಟ್ಟರೆ ಮೊದಲು ಕಿತ್ತಳೆ ಸಿಪ್ಪೆಯ ಪರಿಮಳ, ಹಿಂದೆಯೇ ಸ್ವಲ್ಪ ಕಹಿ. ಕೆಲ ಕ್ಷಣ ಕಳೆದು ನಾಲಗೆಯ ತುದಿ ಅದುರತೊಡಗುತ್ತದೆ, ತುಟಿಗೆ ಹರಡುತ್ತದೆ, ಕೊನೆಗೆ ಬಾಯಿ ಜೋಮು ಹಿಡಿಯುತ್ತದೆ. ಇದು ಮೆಣಸಿನ ಖಾರವಲ್ಲ. ಈ ಕುಲದ ಗಿಡಗಳಲ್ಲಿರುವ ಸಾನ್‌ಶೂಲ್ ಎಂಬ ರಾಸಾಯನಿಕಗಳ ಕೆಲಸ. ಆ ಹೆಸರು ಜಪಾನಿನ ‘ಸಾನ್‌ಶೋ’ ಮೆಣಸಿನಿಂದ ಬಂದದ್ದು. ಅವು ನರತಂತುಗಳ ಪೊಟ್ಯಾಸಿಯಂ ದ್ವಾರಗಳನ್ನು ತಡೆದು ಸ್ಪರ್ಶದ ನರಗಳನ್ನು ಕೆರಳಿಸುತ್ತವೆ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇದೇ ಕುಲದ ಚೀನಾದ ಸಿಚುವಾನ್ ಮೆಣಸನ್ನು ಸ್ವಯಂಸೇವಕರ ತುಟಿಗೆ ಹಚ್ಚಿ, ಆಗುವ ಅದುರನ್ನು ಬೆರಳ ಮೇಲಿನ ಯಂತ್ರದ ಕಂಪನದೊಂದಿಗೆ ಹೋಲಿಸಿ ನೋಡಿಸಿದರು. ಅದು ಸೆಕೆಂಡಿಗೆ ಸುಮಾರು 50 ಕಂಪನಗಳಿಗೆ ಸರಿಹೊಂದಿತು. ಅಷ್ಟು ಕಂಪನ ಕಿವಿಗೆ ಬಿದ್ದರೆ ತಗ್ಗಿದ ಗುಂಯ್‌ಗುಡುವ ಸದ್ದಾಗುತ್ತದೆ. ಮರಕ್ಕೆ ‘ಜುಮ್ಮು’ ಎಂದು ಹೆಸರಿಟ್ಟವರ ಗ್ರಹಿಕೆ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು, ಕೈಕಾಲಿನ ಜುಮ್ಮು ದಿನಗಟ್ಟಲೆ ಬಿಡದಿದ್ದರೆ ಮಧುಮೇಹವೋ ಬಿ12 ಕೊರತೆಯೋ ಕಾರಣವಿರಬಹುದು, ವೈದ್ಯರಿಗೆ ತೋರಿಸಬೇಕು.

ಮರದ ಮಾತಿಗೆ ಮರಳಿದರೆ, ಮಲೆನಾಡಿನ ಕಾಫಿತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಹಬ್ಬಿದಂತೆ ಹಳೆಯ ಕಾಡುಮರಗಳ ನೆರಳು ಕಡಿಮೆಯಾಗಿದೆ. ಮೈತುಂಬ ಮುಳ್ಳಿರುವ ಜುಮ್ಮನಮರ ಸಾಮಾನ್ಯವಾಗಿ ನೆಟ್ಟು ಬೆಳೆಸುವಂಥದ್ದಲ್ಲ. ತಾನಾಗಿ ಹುಟ್ಟಿದ್ದನ್ನು ಕಡಿಯದೆ ಬಿಟ್ಟ ಕಡೆ ಉಳಿಯುತ್ತದೆ.