ಕೆರೆಗೆ ಹಾರದಿಂದ ನಾಗಮಂಡಲದವರೆಗೆ: ಅಡಗೂಲಜ್ಜಿ ಕಥೆಗಳ ಮರುಕಥನ

ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿ, ಡಂಬಳ ಮೊದಲಾದ ಗ್ರಾಮಗಳು ಕಪ್ಪತಗುಡ್ಡದ ಆಸುಪಾಸಿನ ಮಳೆಯಾಶ್ರಿತ ಸೀಮೆಗೆ ಸೇರಿದವು. ತುಂಗಭದ್ರೆಯು ತಾಲ್ಲೂಕಿನ ಅಂಚಿನಲ್ಲಿಯೇ ಹರಿಯುತ್ತಿದ್ದರೂ, ಇಲ್ಲಿಯ ಒಕ್ಕಲು ಮಕ್ಕಳು ತಲೆತಲಾಂತರದಿಂದ ಆಸೆಗಣ್ಣಿಂದ ನೋಡುತ್ತ ಬಂದುದು ಮುಗಿಲನ್ನು, ಇಲ್ಲವೆ ಕೆರೆಯನ್ನು. ಡಂಬಳದ ವಿಶಾಲವಾದ ಹಳೆಯ ಕೆರೆಯನ್ನು ಬಲ್ಲವರಿಗೆ 'ಕೆರೆಗೆ ಹಾರ' ಎಂಬ ಜನಪದ ಹಾಡು ಬರಿಯ ಕಟ್ಟುಕಥೆಯಾಗಿ ಕೇಳಿಸಲಾರದು. ಹಳೆಯ ಕಥೆಯನ್ನು ಹೊಸಬರು ಹೇಳುವಾಗ ಅದರ ಅದ್ಭುತಾಂಶವು ಬಹುಮಟ್ಟಿಗೆ ಹಾಗೆಯೇ ಉಳಿದು, ಮುಕ್ತಾಯ ಮಾತ್ರ ಬದಲಾಗುತ್ತದೆ. ಆಯಾ ಕಾಲದ ಮೌಲ್ಯಪ್ರಜ್ಞೆಯನ್ನು ಅರಸಬೇಕಾದುದು ಆ ಮುಕ್ತಾಯದಲ್ಲಿಯೇ ಎಂಬುದು ಪ್ರಸ್ತುತ ಲೇಖಕನ ಪ್ರತಿಪಾದನೆ.

'ಕೆರೆಗೆ ಹಾರ'ದಲ್ಲಿ ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ಕಟ್ಟಿಸಿದನು, ನೀರು ಬೀಳಲಿಲ್ಲ. ಶಾಸ್ತ್ರದ ಹೊತ್ತಿಗೆಯನ್ನು ತೆಗೆಯಿಸಿ ನೋಡಿದಾಗ ಸೊಸೆಯೊಬ್ಬಳನ್ನು ಬಲಿಗೊಡಬೇಕೆಂದು ಬಂದಿತು. ಹಿರಿಯ ಸೊಸೆಯನ್ನು ಬಿಟ್ಟು ಕಿರಿಯಳಾದ ಭಾಗೀರಥಿಯನ್ನು ಆರಿಸಿದರು. ಆಕೆ ತವರಿಗೆ ಹೋಗಿ ಹೆತ್ತವರ ಮುಂದೆ ನಿಜವನ್ನು ಬಾಯಿಬಿಡದೆ, ಗೆಳತಿಯೊಬ್ಬಳೊಡನೆ ಮಾತ್ರ ಹೇಳಿಕೊಂಡು ಹಿಂದಿರುಗುವಳು. ಗಂಗೆಯ ಪೂಜೆ ಮುಗಿದ ಮೇಲೆ ಮರೆತುಬಿಟ್ಟ ಬಂಗಾರದ ಬಟ್ಟಲನ್ನು ತರಲು ಆಕೆಯೇ ಮರಳಿ ಬರುವಂತಾಗುತ್ತದೆ; ಒಂದೊಂದು ಮೆಟ್ಟಿಲಿಗೂ ನೀರು ಏರುತ್ತ ಹೋಗಿ ಕಡೆಗೆ ಆಕೆಯನ್ನು ಮುಳುಗಿಸುತ್ತದೆ. ದೂಡಿದವರು ಯಾರೂ ಇಲ್ಲ, ಆದರೂ ಮನೆಯವರೆಲ್ಲ ಸೇರಿ ಕೊಂದಿರುವರು; ಈ ಕ್ರೌರ್ಯವನ್ನು ಹಾಡು ಒಂದೂ ಬಿರುನುಡಿಯಿಲ್ಲದೆ ಕಾಣಿಸುವ ಪರಿ ನಮ್ಮ ಪ್ರಸಿದ್ಧ ಕವಿಗಳಿಗೂ ದುರ್ಲಭವೆಂದೇ ಹೇಳಬೇಕು. ಇದನ್ನು ಬಹುಕಾಲ ತ್ಯಾಗದ ಆದರ್ಶವೆಂದು ಕೊಂಡಾಡಲಾಯಿತು. ಇತ್ತೀಚಿನ ದಶಕಗಳ ಸ್ತ್ರೀವಾದಿ ವಿಮರ್ಶೆಯು ಇದನ್ನು ಕೊಲೆಯೆಂದು ಕರೆಯಿತು. ಆದರೆ ದಂಡಿನಿಂದ ಕುದುರೆಯೇರಿ ಬಂದ ಪತಿ ಮಾದೇವರಾಯನು, ಮನೆಯವರ ಸುಳ್ಳನ್ನು ದಾಟಿ, ಗೆಳತಿಯ ಬಾಯಿಂದ ನಿಜವನ್ನರಿತು ಅದೇ ಕೆರೆಗೆ ಹಾರುವನಲ್ಲವೆ? ತಂದೆಯ ಧರ್ಮಕ್ಕೆ ಮಗನ ಧಿಕ್ಕಾರವನ್ನು ಹಾಡುಗಾರ್ತಿಯರು ಅಷ್ಟು ಹಿಂದೆಯೇ ಹಾಡಿ ಮುಗಿಸಿದ್ದರು. ಆಧುನಿಕರು ಹೊಸದಾಗಿ ಕಂಡುಹಿಡಿದೆವೆಂದುಕೊಂಡ ಎಷ್ಟೋ ಸಂಗತಿಗಳು ಹೀಗೆ ಮೂಲದಲ್ಲಿಯೇ ಅಡಗಿರುವುವು.

1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು ಈ ಬಗೆಯ ಕಥೆಗಳನ್ನು ಮನೆಮನೆಗಳಲ್ಲಿ ಕೇಳಿ ಸಂಗ್ರಹಿಸಿದರು. ಅವರು ವಿವೇಚಿಸಿದ 'ಹಂಚಿ'ಯ ಕಥೆಯು ಪೆರೋನು 1697ರಲ್ಲಿಯೂ ಗ್ರಿಮ್ ಸಹೋದರರು 1812ರಲ್ಲಿಯೂ ಅಚ್ಚಿಗೆ ತಂದ ಸಿಂಡ್ರೆಲಾಳ ಕಥೆಗೆ ಸಮೀಪದ ಬಂಧು. ಆದರೆ ಇಲ್ಲಿ ಹುಡುಗಿಯನ್ನು ಮನೆಬಿಡಿಸುವುದು ಮಲತಾಯಿಯ ಮತ್ಸರವಲ್ಲ, ಒಡಹುಟ್ಟಿದ ಅಣ್ಣನ ಮೋಹ. ಹೆತ್ತ ತಾಯಿಯೇ ಮಗಳ ಮೊಗಕ್ಕೆ ಮಣ್ಣಿನ ಮುಖವಾಡವನ್ನು ತೊಡಿಸಿ ಕಳುಹಿಸುತ್ತಾಳೆ. ಮಕ್ಕಳಿಗಾಗಿ ಮರುಕಥನ ಮಾಡುವವರು ಈ ಆರಂಭವನ್ನು ಹೇಳಲು ಅಳುಕುವುದು ಸಹಜವಾದರೂ, ಮನೆಯೊಳಗಿನ ಅಪಾಯವನ್ನು ಹೆಣ್ಣುಮಕ್ಕಳಿಗೆ ಅರುಹಲು ಅಜ್ಜಿಯರು ಇದನ್ನೇ ಬಳಸಿದರೆಂಬುದನ್ನು ಮರೆಯಲಾಗದು.

ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕವು (1988) ರಾಮಾನುಜನ್ನರಿಂದ ಕೇಳಿದ ಎರಡು ಕಥೆಗಳ ಮೇಲೆ ನಿಂತಿದೆ. ಹೆಂಡತಿ ರಾಣಿಯನ್ನು ಒಳಗೆ ಕೂಡಿ ಬೀಗ ಹಾಕಿ ಸೂಳೆಯ ಮನೆಗೆ ಹೋಗುವ ಅಪ್ಪಣ್ಣ, ಇರುಳಿನಲ್ಲಿ ಅವನ ರೂಪವನ್ನೇ ತಾಳಿ ಬರುವ ನಾಗ, ಗರ್ಭಿಣಿಯಾದ ರಾಣಿಯು ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು ಮಾಡುವ ದಿವ್ಯ ಇವೆಲ್ಲ ಜನಪದದಿಂದ ಬಂದುವೇ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಅನ್ಯಪುರುಷನನ್ನು ಮುಟ್ಟಲಿಲ್ಲವೆಂಬ ಆಣೆಯು ಅಕ್ಷರಶಃ ಸತ್ಯ. ಪಂಚರು ನಿನ್ನೆ ಜಾರೆಯೆಂದವಳನ್ನು ಇಂದು ದೇವಿಯೆಂದು ನಮಿಸುವರು. ಪಾತಿವ್ರತ್ಯದ ಪರೀಕ್ಷೆಯನ್ನೇ ನಗೆಗೀಡುಮಾಡುವ ಈ ಚಮತ್ಕಾರ ಕಥೆ ಹೇಳಿದ ಹೆಂಗಸರದು. ನಾಟಕಕಾರನದು ಅದರ ಮುಂದಿನ ಹೆಜ್ಜೆ. ನಾಗನು ರಾಣಿಯ ಕೇಶಕ್ಕೆ ಕೊರಳನ್ನು ಬಿಗಿದುಕೊಂಡು ಸಾಯುವ ಮುಕ್ತಾಯಕ್ಕೆ ತೃಪ್ತರಾಗದೆ, ಅವನನ್ನು ಆಕೆ ತನ್ನ ಮುಡಿಯಲ್ಲಿಯೇ ಬಚ್ಚಿಟ್ಟು ಉಳಿಸಿಕೊಳ್ಳುವ ಇನ್ನೊಂದು ಮುಕ್ತಾಯವನ್ನೂ ಕಾರ್ನಾಡರು ಇರಿಸಿದ್ದಾರೆ. ಹೆಣ್ಣಿನ ಬಯಕೆಗೆ ಬಾಳುವ ಹಕ್ಕುಂಟೆಂದು ಇಷ್ಟು ಮೆಲುದನಿಯಲ್ಲಿ ಹೇಳಿದ ಕೃತಿ ನಮ್ಮ ರಂಗಭೂಮಿಯಲ್ಲಿ ಅಪರೂಪ.

ಕಾರ್ನಾಡರೇ ನಿರ್ದೇಶಿಸಿದ 'ಚೆಲುವಿ' (1992) ಚಿತ್ರದ ಮೂಲವಾದ ಹೂವಿನ ಮರದ ಕಥೆಯಲ್ಲಿ, ಎರಡು ಕೊಡ ನೀರಿನಿಂದ ಮರವಾಗಿ ಅರಳಬಲ್ಲ ಬಡ ಹುಡುಗಿಯೊಬ್ಬಳನ್ನು ನಾದಿನಿಯ ಗೆಳತಿಯರು ಕೊಂಬೆರೆಂಬೆ ಮುರಿದು ಅಂಗಹೀನೆಯನ್ನಾಗಿಸುವರು. ಕಡೆಗೆ ಗಂಡನೇ ನೀರೆರೆದು, ಮುರಿದುದನ್ನು ಜೋಡಿಸಿ, ಅವಳನ್ನು ಮರಳಿ ಪಡೆಯುವನು. ಅಜ್ಜಿಯರು ಹೆಣ್ಣಿನ ಮೈಯನ್ನು ಕುರಿತು ಹೇಳಿದ ಇದೇ ಕಥೆ ಚಿತ್ರದಲ್ಲಿ ಕಾಡಿನ ನಾಶದ ಕಥೆಯೂ ಆಯಿತು. ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಕಾರನು 2006ರಲ್ಲಿ ಈ ಹೂವಿನ ಮರದ ಕಥೆಯನ್ನೇ ವಿಯೆನ್ನಾದಲ್ಲಿ ಗೀತನಾಟಕವಾಗಿಸಿದನು. ಚಂದ್ರಶೇಖರ ಕಂಬಾರರ 'ಸಿರಿಸಂಪಿಗೆ' ನಾಟಕದ್ದೂ ಜನಪದ ಕಥೆಯನ್ನು ಮರುಹೇಳುವ ಇದೇ ಜಾಡು. ಇಂಗ್ಲಿಷ್ ಕವಿ ಬ್ರೌನಿಂಗನ 1842ರ ಕವನವನ್ನು ಕುವೆಂಪು ತುಂಗಾತೀರಕ್ಕೆ ತಂದು ಕಿಂದರಿಜೋಗಿಯನ್ನು ಮಾಡಿದುದು ಎದುರು ದಿಕ್ಕಿನ ಪಯಣ. ಅಲ್ಲಿ ಊರು ಬದಲಾಯಿತು, ನ್ಯಾಯ ಬದಲಾಗಲಿಲ್ಲ.

ಕಥೆಯು ಪಡಸಾಲೆಯಿಂದ ರಂಗಕ್ಕೂ ತೆರೆಗೂ ಏರಿದಾಗ ಹೇಳುಗಾರ್ತಿಯ ಹೆಸರು ಕಳೆದುಹೋದದ್ದು ಈ ಚರಿತ್ರೆಯ ನಷ್ಟದ ಭಾಗ. ಹೂಂಗುಟ್ಟುವವರ ಮುಖವನ್ನು ನೋಡಿ ಮುಕ್ತಾಯವನ್ನು ಅಲ್ಲಲ್ಲಿಯೇ ತಿದ್ದಬಲ್ಲ ಆಕೆಯ ಸ್ವಾತಂತ್ರ್ಯ ಅಚ್ಚಿನ ಪುಟಕ್ಕಿಲ್ಲ. ಒಂದೇ ಪಾಠವನ್ನು ಮೂಲವೆಂದು ಹಿಡಿದು ಕಾಲದ ಮೌಲ್ಯಗಳನ್ನು ಅಳೆಯುವ ನಮ್ಮ ಸಂಶೋಧನೆಯ ಕ್ರಮವು ಆದುದರಿಂದಲೇ ಅರೆಕೊರೆಯದು. ಹಿರೇವಡ್ಡಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಗದಗ-ಬೆಟಗೇರಿಗಳ ಓದುಗರು ತಮ್ಮ ಮನೆಯ ಹಿರಿಯ ಹೆಂಗಸರು ಹೇಳುವ ಕಥೆಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು ಮತ್ತು ವರ್ಷದೊಡನೆ ಬರೆದಿಡಬೇಕೆಂದು, ಒಂದೇ ಕಥೆಗೆ ಎರಡು ಮುಕ್ತಾಯಗಳು ದೊರೆತರೆ ಎರಡನ್ನೂ ಉಳಿಸಬೇಕೆಂದು ವಿನಂತಿ.