ಕೂಡುರಸ್ತೆಯಲ್ಲಿ ನಿಂತವರು

ನಮ್ಮೂರು ಗೌಡಗೆರೆಯಿಂದ ಶಿರಾಕ್ಕೆ ಬಂದು ಬೆಂಗಳೂರು ಬಸ್ಸು ಹತ್ತಿದರೆ, ಅರ್ಧ ಬಸ್ಸು ಖಾಲಿಯಾಗುವುದು ಗೊರಗುಂಟೆಪಾಳ್ಯದಲ್ಲಿ. ಪಿಎಚ್.ಡಿ.ಗೆ ಸೇರಿದ ಮೇಲೆ ನಾನೂ ಅಲ್ಲೇ ಇಳಿಯುತ್ತೇನೆ. ಕಳೆದ ಸಂಕ್ರಾಂತಿ ಮುಗಿಸಿಕೊಂಡು ಬರುವಾಗ ನನ್ನ ಜೊತೆ ಇಳಿದ ಅಜ್ಜಿಯೊಬ್ಬರ ಕೈಯಲ್ಲಿ ಅವರೆಕಾಯಿ ಚೀಲವಿತ್ತು. "ಆ ಕಡೀಕೆ ಹೆಂಗೆ ಹೋಗೋದು ಮಗಾ?" ಎಂದು ಕೇಳಿದರು. ಮೆಟ್ರೋ ನಿಲ್ದಾಣದ ಮೆಟ್ಟಿಲು ತೋರಿಸಿದೆ. ಒಮ್ಮೆ ಮೆಟ್ಟಿಲು, ಒಮ್ಮೆ ಚೀಲ ನೋಡಿ, "ಮಂಡಿ ಕೇಳಲ್ಲ" ಎಂದರು. ಸಿಗ್ನಲ್ ಎರಡು ಸಲ ಬದಲಾಯಿತು. ನಾವು ನಿಂತೇ ಇದ್ದೆವು.

ನಾನು ಓದುತ್ತಿರುವುದು ಹಳೆಯ ಪೇಟೆ ಊರುಗಳ ಚರಿತ್ರೆ. ಹಾಗಾಗಿ ಅಲ್ಲಿ ನಿಂತಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ: ಕೂಡುರಸ್ತೆ ಎಂದರೆ ದಾಟಿ ಹೋಗುವ ಜಾಗವೋ, ನಿಲ್ಲುವ ಜಾಗವೋ?

ನಮ್ಮ ಶಿರಾವನ್ನೇ ನೋಡಿ. 1687ರಲ್ಲಿ ಮೊಗಲರು ದಕ್ಷಿಣದ ತಮ್ಮ ಹೊಸ ಸುಬಾಕ್ಕೆ ಇದನ್ನೇ ರಾಜಧಾನಿ ಮಾಡಿದರು. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ, ಬಸವಾಪಟ್ಟಣ, ಬೂದಿಹಾಳುಗಳೆಲ್ಲ ಅದರ ಪರಗಣಗಳು. ದಿಲಾವರ್ ಖಾನನ ಕಾಲಕ್ಕೆ ಇಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಮಾತನ್ನು ರೈಸ್ ತನ್ನ ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಸಂಖ್ಯೆ ಉತ್ಪ್ರೇಕ್ಷೆ ಇರಬಹುದು, ಆದರೆ ಊರು ದೊಡ್ಡದಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಮುಂದೆ ಟಿಪ್ಪು ತನ್ನ ಹೊಸ ಊರು ಗಂಜಾಮನ್ನು ತುಂಬಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದೂ ಅದೇ ಗೆಜೆಟಿಯರ್ ಹೇಳುತ್ತದೆ. ದಾರಿಗಳು ಇದ್ದಲ್ಲೇ ಇದ್ದವು. ಮನೆ ಹೂಡಿದವರು ಹೋದ ಮೇಲೆ ಊರು ಕುಗ್ಗಿತು.

ಬೆಂಗಳೂರಿನ ಹುಟ್ಟುಕತೆಯೂ ಒಂದು ಚೌಕದ ಕತೆಯೇ. 1537ರ ಸುಮಾರಿಗೆ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವಲ್ಲಿ ನಾಲ್ಕು ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೆ ಎತ್ತು ಬಿಟ್ಟರಂತೆ. ಆ ಗೆರೆಗಳೇ ಬೀದಿಗಳಾದವು ಎನ್ನುತ್ತದೆ ಐತಿಹ್ಯ. ಅದು ನಿಜವೇ ಎಂದು ಕೇಳುವುದಕ್ಕಿಂತ, ಜನ ಅದನ್ನು ಯಾಕೆ ನೆನಪಿಟ್ಟುಕೊಂಡರು ಎಂದು ಕೇಳಬೇಕು. ಅವರ ಕಣ್ಣಿಗೆ ಚೌಕ ಎಂದರೆ ಅಂಗಡಿ ಇಡುವ, ಮೂಟೆ ಇಳಿಸುವ, ಮಾತಾಡುವ ಜಾಗ. ಬೀದಿಗಳು ಅಲ್ಲಿಂದ ಹುಟ್ಟಿದವು.

ಗೊರಗುಂಟೆಪಾಳ್ಯದ ಚೌಕ ಹುಟ್ಟಿದ್ದು ಬೇರೆ ಲೆಕ್ಕದಿಂದ. ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಎಂದು ಕಟ್ಟಿದ ಹೊರ ವರ್ತುಲ ರಸ್ತೆ ತುಮಕೂರು ರಸ್ತೆಯನ್ನು ಸೇರುವುದು ಇಲ್ಲಿ. ಊರು ಮಾತ್ರ ಆ ವರ್ತುಲವನ್ನು ಬೇಗನೆ ದಾಟಿಕೊಂಡಿತು. ಆಮೇಲೆ 2010ರಲ್ಲಿ, ಪೀಣ್ಯದ ಕೂಡುರಸ್ತೆಗಳ ಮೇಲೆ ಹಾದುಹೋಗುವ ನಾಲ್ಕು ಕಿಲೋಮೀಟರಿಗೂ ಉದ್ದದ ಮೇಲ್ಸೇತುವೆ ತೆರೆಯಿತು. ಅದು ಜಾಲಹಳ್ಳಿ ಕ್ರಾಸ್ ದಾಟಿಸಿ ವಾಹನಗಳನ್ನು ತಂದು ಬಿಡುವುದು ಗೊರಗುಂಟೆಪಾಳ್ಯದ ಬಾಯಿಗೆ. ಅಲ್ಲಿ ಹತ್ತು ನಿಮಿಷ ಉಳಿಸಿಕೊಂಡವರು ಇಲ್ಲಿ ಸಾಲಿನಲ್ಲಿ ನಿಂತರು.

ಇಂಥ ಯೋಜನೆ ಶುರುವಾಗುವುದು ಎಣಿಕೆಯಿಂದ. ರಸ್ತೆ ಬದಿ ಕೂತು ವಾಹನ ಎಣಿಸಿ, ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಹಳ್ಳಿಗಾಡಿನ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಾರು 1, ಸ್ಕೂಟರ್ 0.5, ಬಸ್ಸು 3, ದೊಡ್ಡ ಎತ್ತಿನಗಾಡಿ 8. ನಗರಗಳಿಗೆ ಪಟ್ಟಿ ಬೇರೆ, ಕ್ರಮ ಇದೇ. ಆಮೇಲೆ ವರ್ಷಕ್ಕೆ ಇಷ್ಟು ಏರಿಕೆ ಎಂದು ಹಿಡಿದು ಮುಂದಿನ ಕಾಲಕ್ಕೆ ಗುಣಿಸುತ್ತಾರೆ. ಶೇ. 5ರ ಏರಿಕೆಯೆಂದರೆ ಸುಮಾರು ಹದಿನಾಲ್ಕು ವರ್ಷಕ್ಕೆ ವಾಹನ ಎರಡರಷ್ಟು.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಈ ಲೆಕ್ಕದಲ್ಲಿ ಐವತ್ತು ಜನರ ಬಸ್ಸು ಮೂರು ಕಾರಿಗೆ ಸಮ. ಬಸ್ಸಿನಿಂದ ಇಳಿದ ಆ ಐವತ್ತು ಜನ ರಸ್ತೆ ಬದಿಯಲ್ಲಿ ನಿಂತ ಮೇಲೆ ಸೊನ್ನೆ. ಪಾದಚಾರಿಗಳನ್ನು ಬೇರೆಯಾಗಿ ಎಣಿಸುವ ಕ್ರಮ ಇದೆ, ಆದರೆ ಸೇತುವೆ ಎಷ್ಟು ಅಗಲ ಬೇಕು ಎಂದು ತೀರ್ಮಾನಿಸುವುದು ಕಾರಿನ ಅಳತೆಯೇ.

2021ರ ಡಿಸೆಂಬರಿನಲ್ಲಿ 102, 103ನೇ ಕಂಬಗಳ ನಡುವೆ ಕೇಬಲ್ ದೋಷ ಕಂಡು ಆ ಮೇಲ್ಸೇತುವೆ ಮುಚ್ಚಿತು. ಎರಡು ತಿಂಗಳ ಮೇಲೆ ಸಣ್ಣ ವಾಹನ ಬಿಟ್ಟರು. ಬಸ್ಸು ಲಾರಿಗಳು 2024ರ ಜುಲೈವರೆಗೂ ಕೆಳಗೇ ಹೋಗಬೇಕಾಯಿತು. ಒಂದು ಕಾರು ಒಬ್ಬರನ್ನು ಕೂರಿಸಿಕೊಂಡು ಮೇಲೆ ಹೋಗುತ್ತಿದ್ದಾಗ, ಶಿರಾ, ಚಿತ್ರದುರ್ಗ, ದಾವಣಗೆರೆಗಳಿಂದ ತುಂಬಿ ಬಂದ ಬಸ್ಸುಗಳು ಕೆಳಗೆ ತೆವಳುತ್ತಿದ್ದವು. ಕಾರಣ ಭಾರ, ಬೇರೇನೂ ಅಲ್ಲ. ಆದರೂ ಆ ಎರಡೂವರೆ ವರ್ಷ ಕಿಟಕಿ ಪಕ್ಕ ಕೂತು, ಒಂದೇ ಸೇತುವೆಯ ಮೇಲೆ ಭವಿಷ್ಯ ಇಡುವುದು ಎಂದರೆ ಏನೆಂದು ನಾನು ಕಲಿತೆ.

ಹಾಗಾದರೆ ಸುಧಾರಣೆ ಬೇಡವೇ? ಬೇಕು. ಒಂದು ಕೂಡುರಸ್ತೆಯನ್ನು ಮುಟ್ಟುವಾಗ ಮುಂದಿನದನ್ನೂ ಸೇರಿಸಿ ಲೆಕ್ಕ ಹಾಕಬೇಕು. ವಾಹನದ ಜೊತೆ ತಲೆಗಳನ್ನೂ ಎಣಿಸಬೇಕು. 2014ರ ಮಾರ್ಚ್‌ನಲ್ಲಿ ಮೆಟ್ರೋ ಬಂದ ಮೇಲಂತೂ ಗೊರಗುಂಟೆಪಾಳ್ಯ ಊರಿನ ಬಸ್ಸಿಳಿದು ನಗರದ ರೈಲು ಹತ್ತುವ ಬಾಗಿಲಾಗಿದೆ. ಹಾಗಿರುವಾಗ ಬಸ್ಸು ಎಲ್ಲಿ ನಿಲ್ಲಬೇಕು, ಇಳಿದವರು ಎಲ್ಲಿ ದಾಟಬೇಕು ಎಂಬುದು ಯೋಜನೆಯ ಮೊದಲ ಪುಟದಲ್ಲಿ ಬರಬೇಕು. ಸಾಮಾನ್ಯವಾಗಿ ಸಿಗ್ನಲ್ ಲೆಕ್ಕದಲ್ಲಿ ನಡೆಯುವವರ ವೇಗ ಸೆಕೆಂಡಿಗೆ 1.2 ಮೀಟರ್. ಮೂವತ್ತು ಮೀಟರ್ ಅಗಲಕ್ಕೆ 25 ಸೆಕೆಂಡ್. ಚೀಲ ಹೊತ್ತ ಅಜ್ಜಿಯ ವೇಗ 0.8 ಎಂದು ಹಿಡಿದರೆ 37 ಸೆಕೆಂಡಿಗೂ ಹೆಚ್ಚು. ಚರ್ಚೆ ಇರುವುದು ಈ ಹನ್ನೆರಡು ಸೆಕೆಂಡಿನ ಬಗ್ಗೆ.

ಅವತ್ತು ಕೊನೆಗೆ ಚೀಲ ನಾನು ಹಿಡಿದುಕೊಂಡೆ. ಅಜ್ಜಿ ನನ್ನ ತೋಳು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಮೇಲೆ ಹೋಗಿ ಉಸಿರು ಬಿಟ್ಟು ಕೆಳಗಿನ ವಾಹನ ನೋಡುತ್ತಾ, "ಇಷ್ಟೊಂದು ಜನ ಎಲ್ಲಿಗೆ ಹೋಗ್ತಾರೋ" ಎಂದರು. ಮಗನ ಮನೆಗೆ ಹೊರಟ ತಾವೂ ಆ ಜನರಲ್ಲಿ ಒಬ್ಬರು ಎಂದು ಅವರಿಗೆ ಅನಿಸಿದಂತಿರಲಿಲ್ಲ.