ಕಾರಿನ ಸೌಂಡ್ ಸಿಸ್ಟಮ್: ಹಾಕಿಸುವ ಮುನ್ನ ಮತ್ತು ಹಾಕಿಸಿದ ಮೇಲೆ ತಿಳಿದಿರಬೇಕಾದ ವಿಷಯಗಳು

ಹೊಸದೋ ಹಳೆಯದೋ, ಕಾರು ಮನೆಗೆ ಬಂದ ಕೂಡಲೇ ನಮ್ಮ ಹುಡುಗರು ವಿಚಾರಿಸುವುದು ಎರಡೇ ಸಂಗತಿ. ಒಂದು ಮೈಲೇಜ್, ಇನ್ನೊಂದು ಸೆಟ್. ಬೆಳಗ್ಗೆ ಅಂಗಡಿಯಲ್ಲಿ ಕಾರು ಬಿಟ್ಟರೆ ಸಂಜೆಗೆ ಹೊಸ ಸ್ಕ್ರೀನ್, ಬಾಗಿಲಿಗೆ ಹೊಸ ಸ್ಪೀಕರ್, ಡಿಕ್ಕಿಗೆ ವೂಫರ್ ಎಲ್ಲ ಕೂತಿರುತ್ತದೆ. ಆದರೆ ಆ ಒಂದು ದಿನದಲ್ಲಿ ಎಳೆದ ವಯರ್ ಆ ಕಾರಿನ ಆಯುಷ್ಯ ಮುಗಿಯುವವರೆಗೂ ಒಳಗೇ ಇರುತ್ತದೆ. ಸೆಟ್ ಕೆಟ್ಟರೆ ಹೋಗುವುದು ಕೆಲವು ಸಾವಿರ ರೂಪಾಯಿ. ವಯರಿಂಗ್ ಕೆಟ್ಟರೆ ಕಾರೇ ಹೋಗಬಹುದು, ಒಳಗಿದ್ದವರಿಗೂ ಅಪಾಯ.

"12 ವೋಲ್ಟ್ ಅಲ್ವಾ, ಎಂತ ಆಗ್ತದೆ?" ಅಂತ ಕೇಳುವವರಿದ್ದಾರೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸಣ್ಣ ಕಾರಿನ ಬ್ಯಾಟರಿ ಕೂಡ ಒಂದು ಕ್ಷಣಕ್ಕೆ ನೂರಾರು ಆಂಪಿಯರ್ ಕರೆಂಟ್ ಕೊಡಬಲ್ಲದು. ಇಂಜಿನ್ ತಿರುಗಿಸುವುದು ಅದೇ ಕರೆಂಟ್. ಪ್ಲಸ್ ವಯರ್ ಬಾಡಿಗೆ ತಾಗಿ ಶಾರ್ಟ್ ಆದರೆ, ಮಧ್ಯದಲ್ಲಿ ಫ್ಯೂಸ್ ಇಲ್ಲದಿದ್ದರೆ, ವಯರ್ ಕೆಂಡವಾಗಿ ಕಾರ್ಪೆಟ್, ಸೀಟು, ಪ್ಲಾಸ್ಟಿಕ್ ಎಲ್ಲ ಹೊತ್ತಿಕೊಳ್ಳುತ್ತದೆ. ಹಾಗಾಗಿ ಈ ಲೇಖನದಲ್ಲಿ ಸೌಂಡ್‌ಗಿಂತ ಹೆಚ್ಚು ಮಾತು ಫ್ಯೂಸ್ ಬಗ್ಗೆ ಇದೆ.

ಡಬ್ಬದ ಮೇಲಿನ ವ್ಯಾಟ್ ನಂಬಬಹುದಾ?

ಸೆಟ್‌ನ ಡಬ್ಬದಲ್ಲಿ ಸಾಮಾನ್ಯವಾಗಿ "50 ವ್ಯಾಟ್ x 4" ಅಂತ ಬರೆದಿರುತ್ತದೆ. ಇದು ಕ್ಷಣಮಾತ್ರದ ಗರಿಷ್ಠ ಅಂಕಿ. ಇಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಆ ವೋಲ್ಟೇಜಿಗೆ 4 ಓಮ್ ಸ್ಪೀಕರ್ ಜೋಡಿಸಿದರೆ ಸೆಟ್‌ನ ಒಳಗಿನ ಆಂಪ್ಲಿಫೈಯರ್ ಲೆಕ್ಕದ ಪ್ರಕಾರವೇ ಒಂದು ಸ್ಪೀಕರಿಗೆ ಸುಮಾರು 26 ವ್ಯಾಟ್‌ಗಿಂತ ಹೆಚ್ಚು ಶುದ್ಧ ಧ್ವನಿ ಕೊಡಲಾರದು. ನಿಜಕ್ಕೂ ಸಿಗುವುದು 15ರಿಂದ 20. ನೋಡಬೇಕಾದ ಅಂಕಿ "ಆರ್‌ಎಂಎಸ್" ಎಂದು ಬರೆದಿರುವುದು.

ಬೇರೆ ಆಂಪ್ಲಿಫೈಯರ್ ಕೊಳ್ಳುವಾಗ ಅದರ ಮೇಲಿನ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸ್ ಇದೆ ಅಂದುಕೊಳ್ಳಿ. 30ನ್ನು 13.8 ವೋಲ್ಟ್‌ನಿಂದ ಗುಣಿಸಿದರೆ 414 ವ್ಯಾಟ್. ಒಳಗೆ ಹೋಗುವುದೇ 414 ಆದರೆ ಹೊರಗೆ 1000 ಬರುವುದು ಎಲ್ಲಿಂದ? ಅಂಗಡಿಯಲ್ಲೇ ಮೊಬೈಲ್ ತೆಗೆದು ಈ ಲೆಕ್ಕ ಮಾಡಿ ನೋಡಿ.

ಇನ್ನೊಂದು ವಿಷಯ. ವ್ಯಾಟ್ ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟು ಆಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ ವ್ಯಾಟ್ ಹಿಂದೆ ಓಡುವುದಕ್ಕಿಂತ ಒಳ್ಳೆಯ ಸ್ಪೀಕರ್ ಹಾಕಿಸಿ, ಬಾಗಿಲಿನ ತಗಡು ನಡುಗದಂತೆ ಡ್ಯಾಂಪಿಂಗ್ ಶೀಟ್ ಅಂಟಿಸುವುದು ಕಡಿಮೆ ಖರ್ಚಿನ ದಾರಿ.

ಫ್ಯೂಸ್ ಮತ್ತು ವಯರಿಂಗ್

ಆಂಪ್ಲಿಫೈಯರ್ ಹಾಕಿಸುವಾಗ ಬ್ಯಾಟರಿಯಿಂದ ಡಿಕ್ಕಿಯವರೆಗೆ ಒಂದು ದಪ್ಪ ವಯರ್ ಎಳೆಯುತ್ತಾರೆ. ಆ ವಯರಿನ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ಹೆಚ್ಚೆಂದರೆ 45 ಸೆಂಟಿಮೀಟರ್ ಒಳಗೆ. ಆಂಪ್ಲಿಫೈಯರ್ ಮೇಲಿನ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ನಾಲ್ಕೈದು ಮೀಟರ್ ವಯರನ್ನು ಕಾಯುವುದು ಬ್ಯಾಟರಿ ಹತ್ತಿರದ ಫ್ಯೂಸ್ ಮಾತ್ರ. ಕೆಲಸ ಮುಗಿದ ಮೇಲೆ ಬಾನೆಟ್ ತೆರೆಸಿ, "ಕಾಕ, ಫ್ಯೂಸ್ ಎಲ್ಲಿ ಇಟ್ಟಿದ್ದೀರಿ, ತೋರಿಸಿ" ಅಂತ ಕೇಳಿ. ಕೇಳಲು ನಾಚಿಕೆ ಬೇಡ.

ಇನ್ನೂ ನಾಲ್ಕು ವಿಷಯ ಅಲ್ಲೇ ನೋಡಿಕೊಳ್ಳಿ:

ಒಂದು, ಇಂಜಿನ್ ಕಡೆಯಿಂದ ಒಳಗೆ ಬರುವಾಗ ವಯರ್ ತಗಡಿನ ತೂತಿನ ಮೂಲಕ ಹಾದುಹೋಗುತ್ತದೆ. ಆ ತೂತಿಗೆ ರಬ್ಬರ್ ಬುಷ್ ಇರಲೇಬೇಕು. ಇಲ್ಲದಿದ್ದರೆ ಕಾರು ನಡುಗಿದಂತೆಲ್ಲ ತಗಡಿನ ಅಂಚು ವಯರಿನ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತದೆ. ಹಾಕಿಸಿದ ದಿನ ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಶಾರ್ಟ್ ಆಗುತ್ತದೆ.

ಎರಡು, ವಯರ್ ತಾಮ್ರದ್ದಾ ನೋಡಿ. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ತಾಮ್ರಕ್ಕಿಂತ ಅದು ಕಡಿಮೆ ಕರೆಂಟ್ ತಾಳುತ್ತದೆ, ಬೇಗ ಬಿಸಿಯಾಗುತ್ತದೆ.

ಮೂರು, ಅರ್ತ್. ಮೈನಸ್ ವಯರನ್ನು ಬಾಡಿಗೆ ಬಿಗಿಯುವ ಜಾಗದಲ್ಲಿ ಪೇಂಟ್ ಕೆರೆದು, ಬರಿಯ ಲೋಹಕ್ಕೆ ಬೋಲ್ಟ್ ಹಾಕಬೇಕು. ಈ ವಯರ್ ಪ್ಲಸ್ ವಯರಿನಷ್ಟೇ ದಪ್ಪ ಇರಬೇಕು, ಆದಷ್ಟು ಗಿಡ್ಡ ಇರಬೇಕು. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ "ಕುಂಯ್" ಎಂಬ ಸದ್ದು ಏರಿದರೆ ಹೆಚ್ಚಾಗಿ ಕಾರಣ ಕೆಟ್ಟ ಅರ್ತ್, ಅಥವಾ ಸಿಗ್ನಲ್ ವಯರನ್ನೂ ಪವರ್ ವಯರನ್ನೂ ಒಟ್ಟಿಗೆ ಕಟ್ಟಿ ಎಳೆದಿರುವುದು.

ನಾಲ್ಕು, ಏರ್‌ಬ್ಯಾಗಿನ ವಯರ್‌ಗಳಿಗೆ ಹಳದಿ ಕನೆಕ್ಟರ್ ಇರುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಹೈವೋಲ್ಟೇಜ್. ಇವೆರಡನ್ನೂ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಫ್ಯೂಸ್ ಹೋದರೆ ಅದೇ ಆಂಪಿಯರಿನ ಫ್ಯೂಸ್ ಹಾಕಿ. ಬಣ್ಣದಿಂದ ಗುರುತು ಹಿಡಿಯಬಹುದು: 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. "ಪದೇ ಪದೇ ಹೋಗ್ತದೆ" ಅಂತ 10ರ ಜಾಗಕ್ಕೆ 30 ಹಾಕುವುದು, ಬೆಳ್ಳಿ ಕಾಗದ ಸುತ್ತುವುದು, ತುಂಡು ವಯರ್ ಸಿಕ್ಕಿಸುವುದು, ಇವೆಲ್ಲ ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟ ಹಾಗೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತಿದ್ದರೆ ತಪ್ಪು ಬೇರೆಲ್ಲೋ ಇದೆ. ಅದನ್ನು ಹುಡುಕಿಸಿ.

ಸ್ಪೀಕರ್ ಹರಿಯುವುದು ಯಾಕೆ?

ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಹೋಗುತ್ತದೆ ಅಂತ ನಂಬಿಕೆ. ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದರೂ ಸ್ಪೀಕರ್ ಹೋಗುತ್ತದೆ. ಶಕ್ತಿ ಮೀರಿದಾಗ ಧ್ವನಿಯ ಅಲೆಯ ತಲೆ ಕತ್ತರಿಸಿದಂತಾಗಿ ಸದ್ದು ಒರಟಾಗುತ್ತದೆ. ಆ ಹೊತ್ತಿಗೆ ಸ್ಪೀಕರ್ ಒಳಗಿನ ಸುರುಳಿ ಬಿಸಿಯಾಗಿ ಸುಡುತ್ತದೆ. ಇದರ ಪೆಟ್ಟು ಮೊದಲು ತಿನ್ನುವುದು ಹೆಚ್ಚಾಗಿ ಟ್ವೀಟರ್. ಹಾಗಾಗಿ ಧ್ವನಿ ಒಡೆದಂತೆ ಕೇಳಿದ ಕೂಡಲೇ ವಾಲ್ಯೂಮ್ ಇಳಿಸಿ.

ಆಂಪ್ಲಿಫೈಯರಿನ "ಗೇನ್" ತಿರುಪು ಇನ್ನೊಂದು ವಾಲ್ಯೂಮ್ ಅಲ್ಲ. ಸೆಟ್‌ನ ಸಿಗ್ನಲಿಗೆ ಆಂಪ್ಲಿಫೈಯರನ್ನು ಹೊಂದಿಸುವುದಷ್ಟೇ ಅದರ ಕೆಲಸ. ಸೆಟ್‌ನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು, ಬಾಸ್, ಟ್ರೆಬಲ್ ಸೊನ್ನೆಗೆ ತಂದು, ಗೇನನ್ನು ನಿಧಾನಕ್ಕೆ ಏರಿಸಿ. ಧ್ವನಿ ಒಡೆಯುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ. ಬ್ಲೂಟೂತಿನಲ್ಲಿ ಕೇಳುವಾಗ ಫೋನಿನ ವಾಲ್ಯೂಮ್ ಸಾಕಷ್ಟು ಮೇಲಿಟ್ಟು, ಏರಿಸುವುದು ಇಳಿಸುವುದನ್ನು ಸೆಟ್‌ನಲ್ಲೇ ಮಾಡಿ. ಫೋನಿನಲ್ಲೂ ಬಾಸ್ ಬೂಸ್ಟ್, ಸೆಟ್‌ನಲ್ಲೂ ಬಾಸ್ ಬೂಸ್ಟ್ ಬೇಡ. ಭಾಷಣ, ಪ್ರವಚನ, ವಾರ್ತೆ ಕೇಳುವವರು ಬಾಸ್ ತಗ್ಗಿಸಿದರೆ ಮಾತು ಸ್ಪಷ್ಟವಾಗುತ್ತದೆ.

ಪೆನ್‌ಡ್ರೈವ್ ಓದುತ್ತಿಲ್ಲವಾ? ಹಲವು ಸೆಟ್‌ಗಳು ಓದುವುದು ಫ್ಯಾಟ್32 ಫಾರ್ಮ್ಯಾಟ್ ಮಾತ್ರ. ಕನ್ನಡ ಅಥವಾ ಅರಬಿ ಲಿಪಿಯ ಫೈಲ್ ಹೆಸರು ಚೌಕ ಚೌಕವಾಗಿ ಕಂಡರೆ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ.

ಊರಿಗೆ ಬಂದು ಹೋಗುವವರ ಕಾರು

ಇಂಜಿನ್ ಆಫ್ ಮಾಡಿ ಸೆಟ್ ಹಾಕಿಕೊಂಡು ಕೂರುವ ಅಭ್ಯಾಸ ಬ್ಯಾಟರಿಗೆ ಒಳ್ಳೆಯದಲ್ಲ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಎಂದುಕೊಳ್ಳಿ. ಆಂಪ್ಲಿಫೈಯರ್ ಸೇರಿ 5 ಆಂಪಿಯರ್ ಎಳೆದರೆ ಮೂರು ಗಂಟೆಯಲ್ಲಿ 15 ಖಾಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ಮುಕ್ಕಾಲು ಪಾಲು ಮುಗಿದ ಹಾಗೆ.

ಗಲ್ಫ್‌ನಿಂದ ರಜೆಗೆ ಬಂದಾಗ ಮಾತ್ರ ಕಾರು ಓಡುವ ಮನೆಗಳು ನಮ್ಮಲ್ಲಿ ಬಹಳ. ನಿಂತ ಕಾರಿನಲ್ಲೂ ಅಲಾರಂ, ಗಡಿಯಾರ, ಸೆಟ್‌ನ ಮೆಮೊರಿ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಮೀರಬಾರದು. ಅಷ್ಟೇ ಇದ್ದರೂ ದಿನಕ್ಕೆ 1.2 ಆಂಪಿಯರ್-ಅವರ್ ಹೋಗುತ್ತದೆ. 35ರ ಬ್ಯಾಟರಿ ತಿಂಗಳೊಳಗೆ ಖಾಲಿ. ಸೆಟ್‌ನ ಹಳದಿ ವಯರ್ ಸದಾ ಪ್ಲಸ್, ಕೆಂಪು ವಯರ್ ಕೀ ತಿರುಗಿಸಿದಾಗ ಮಾತ್ರ ಪ್ಲಸ್. ಕೀ ತೆಗೆದರೂ ಕರೆಂಟ್ ಇರುವ ವಯರಿಗೆ ಎರಡನ್ನೂ ಸೇರಿಸಿ ಬಿಟ್ಟರೆ ಸೆಟ್ ಕಾರಿನೊಂದಿಗೆ ಆಫ್ ಆಗುವುದೇ ಇಲ್ಲ, ಬ್ಯಾಟರಿ ಇನ್ನೂ ಬೇಗ ಇಳಿಯುತ್ತದೆ.

ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಹೋಗುವುದಾದರೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೀ ಒಳಗೆ ಬಿಟ್ಟು ಬಾಗಿಲು ಮುಚ್ಚಬೇಡಿ. ಕೆಲವು ಕಂಪನಿ ಸೆಟ್‌ಗಳು ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುತ್ತವೆ. ಆ ಕೋಡ್ ಕಾರ್ಡನ್ನು ಆರ್‌ಸಿ ಜೊತೆ ಮನೆಯಲ್ಲಿಡಿ.

ಮಳೆ, ಉಪ್ಪುಗಾಳಿ, ಬಿಸಿಲು

ಕರಾವಳಿಯಲ್ಲಿ ಸೆಟ್‌ನ ದೊಡ್ಡ ಶತ್ರು ತೇವ. ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ಸ್ಪೀಕರ್ ಬದಲಿಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೇ ಬಿಟ್ಟರೆ ನೀರು ಕಾರಿನೊಳಗೆ ಬರುತ್ತದೆ. ಹಾಳೆಯನ್ನು ಮತ್ತೆ ಅಂಟಿಸಲು ಹೇಳಿ. ಜೂನ್‌ಗೆ ಮೊದಲು ಬಾಗಿಲ ಕೆಳಗಿನ ತೂತುಗಳ ಮಣ್ಣು ತೆಗೆಯಿರಿ. ಎಸಿಯ ನೀರು ಹೋಗುವ ಪೈಪ್ ಕಟ್ಟಿಕೊಂಡರೆ ಮುಂದಿನ ಕಾರ್ಪೆಟ್ ಒದ್ದೆಯಾಗಿ ಸೀಟಿನಡಿಯ ಆಂಪ್ಲಿಫೈಯರ್ ಹಾಳಾಗುತ್ತದೆ. ಟರ್ಮಿನಲ್‌ಗಳಲ್ಲಿ ಹಸಿರು ಪುಡಿ ಕಂಡರೆ ಅದು ತಾಮ್ರದ ಕಿಲುಬು. ಶುಚಿ ಮಾಡಿಸಿ.

ಕಾರಿನೊಳಗೆ ನೆರೆನೀರು ಬಂದಿದ್ದರೆ ಕೀ ತಿರುಗಿಸಿ ಪರೀಕ್ಷೆ ಮಾಡಲೇಬೇಡಿ. ಆಗುವುದಾದರೆ ಮೈನಸ್ ಬಿಚ್ಚಿ, ಮೆಕ್ಯಾನಿಕ್ ಕರೆಯಿರಿ.

ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದುಂಟು. ಗಾಜು ಇಳಿಸಿ ಸ್ವಲ್ಪ ಹೊತ್ತು ಗಾಳಿಯಾಡಿಸಿ, ನಂತರ ಸೆಟ್ ಜೋರು ಮಾಡಿ. ಟಚ್‌ಸ್ಕ್ರೀನ್ ಒರೆಸಲು ಮೆತ್ತನೆಯ ಮೈಕ್ರೊಫೈಬರ್ ಬಟ್ಟೆ ಸಾಕು. ಡ್ಯಾಶ್‌ಬೋರ್ಡ್ ಪಾಲಿಶ್ ಅದಕ್ಕೆ ತಾಗಿಸಬೇಡಿ.

ಅಂಗಡಿಗೆ ಹೋಗುವ ಮೊದಲು

ಯಾವ ಸ್ಪೀಕರ್ ಕೆಟ್ಟಿದೆ ಎಂದು ತಿಳಿಯಲು ಬ್ಯಾಲೆನ್ಸ್ ಮತ್ತು ಫೇಡರ್ ಬಳಸಿ ಧ್ವನಿಯನ್ನು ಒಂದೊಂದೇ ಮೂಲೆಗೆ ಕಳಿಸಿ. ಸ್ಪೀಕರ್ ವಯರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 4 ಓಮಿನ ಸ್ಪೀಕರ್ 3ರಿಂದ 4ರ ನಡುವೆ ತೋರಿಸಬೇಕು. ಹೊಸ ಸ್ಪೀಕರ್ ಹಾಕಿದ ಮೇಲೆ ಬಾಸ್ ಕಡಿಮೆಯಾಗಿದ್ದರೆ ಒಂದರ ಪ್ಲಸ್ ಮೈನಸ್ ತಿರುವುಮುರುವು ಆಗಿರಬಹುದು. ಬಿಚ್ಚಿದ ಸ್ಪೀಕರಿಗೆ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಪ್ಲಸ್ಸಿಗೆ ಕ್ಷಣಮಾತ್ರ ತಾಗಿಸಿದರೆ ಅದರ ಕೋನ್ ಹೊರಗೆ ಚಲಿಸಬೇಕು. ಒಳಗೆ ಹೋದರೆ ಗುರುತು ತಪ್ಪಿದೆ.

ಕಿವಿ ಮತ್ತು ರಸ್ತೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ. 89ಕ್ಕೆ ಬಂದರೆ 5 ಗಂಟೆ, 101ಕ್ಕೆ ಬಂದರೆ ವಾರಕ್ಕೆ 20 ನಿಮಿಷವೂ ಇಲ್ಲ. ಕಾರಿನಿಂದ ಇಳಿದ ಮೇಲೆ ಕಿವಿಯಲ್ಲಿ "ಕೊಂಯ್" ಅಂದರೆ ಅದು ಎಚ್ಚರಿಕೆ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರಿನಲ್ಲಿ ಸಣ್ಣ ಮಕ್ಕಳಿದ್ದರೆ ವೂಫರ್ ಸದ್ದು ಇನ್ನಷ್ಟು ತಗ್ಗಿಸಿ.

ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳ ಮಿತಿ ಹಗಲಿಗಿಂತ ಬಿಗಿ. ಮದುವೆಯ ಕಾರುಗಳ ಸಾಲಿನಲ್ಲಿ ಹೋಗುವ ಹುಡುಗರು ಇದನ್ನು ಮರೆಯಬಾರದು. ಆಂಬ್ಯುಲೆನ್ಸಿಗೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಸೆಕ್ಷನ್ ಪ್ರಕಾರ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ದಂಡದ ಮಾತು ಬಿಡಿ. ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗಳಿಗೆ ರೋಗಿಗಳನ್ನು ಹೊತ್ತ ಆಂಬ್ಯುಲೆನ್ಸ್‌ಗಳು ಓಡುವುದು ನಾವು ಓಡಾಡುವ ಇದೇ ಹೆದ್ದಾರಿ 66ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ. ಗಾಜು ಏರಿಸಿ, ಎಸಿ ಹಾಕಿ, ವೂಫರ್ ಗುದ್ದುತ್ತಿದ್ದರೆ ಹಿಂದಿನ ಸೈರನ್ ಕೇಳುವುದಿಲ್ಲ. ಅದರೊಳಗೆ ಇರುವವರು ನಮ್ಮ ಮನೆಯವರೇ ಆಗಿರಬಹುದು.

ಒಂದು ಸುಲಭ ಅಳತೆ: ಪಕ್ಕದ ಸೀಟಿನವರು ಸಾಮಾನ್ಯ ದನಿಯಲ್ಲಿ ಆಡಿದ ಮಾತು ನಿಮಗೆ ಕೇಳದಿದ್ದರೆ ಸದ್ದು ಜಾಸ್ತಿಯಾಗಿದೆ. ಇಳಿಸಿ. ಮನೆ ತಲುಪಿದ ಮೇಲೆ ಬಾನೆಟ್ ತೆರೆದು ಬ್ಯಾಟರಿ ಹತ್ತಿರ ಆ ಫ್ಯೂಸ್ ಇದೆಯಾ ಅಂತ ಇವತ್ತೇ ಒಮ್ಮೆ ನೋಡಿಬಿಡಿ.